ನೀಲಮ್ಮನ ಹೆಸರಿನ ಅಲೆ

ಸಿದ್ದಬಸಪ್ಪನಿಗೆ ಊರು ಬಿಟ್ಟು ಬಂದದ್ದಕ್ಕಿಂತ ನೀರು ಬಿಟ್ಟು ಬಂದದ್ದೇ ಹೆಚ್ಚು ಸಂಕಟ. ಹರಿಹರದಲ್ಲಿ ತುಂಗಭದ್ರೆಯ ಮಡುವಿನಲ್ಲಿ ಬಿದ್ದು ಎದ್ದು ಬೆಳೆದ ಆಸಾಮಿ. ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಪ್ಯಾಟರ್ನ್ ಮಾಡುವ ಕೆಲಸ ಸಿಕ್ಕಿದ್ದರಿಂದ ಹೆಂಡತಿ ನೀಲಮ್ಮನನ್ನು ಕರೆದುಕೊಂಡು ಬಂದು ಚಂದ್ರಾ ಲೇಔಟಿನಲ್ಲಿ ಮನೆ ಹಿಡಿದಿದ್ದ. ಕಬ್ಬಿಣದ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಿ ಕೊಡುವ ಕೆಲಸ ಅದು. ಕೆಲಸ ಚೆನ್ನಾಗಿತ್ತು, ಮನೆ ಚೆನ್ನಾಗಿತ್ತು, ಮಕ್ಕಳಿಲ್ಲದ ಮನೆಯಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಚೆನ್ನಾಗಿಯೇ ಇದ್ದರು. ಆದರೆ ನಲ್ಲಿಯ ಬಾಯಿಂದ ಬೆರಳು ಗಾತ್ರ ಬೀಳುವ ನೀರನ್ನು ನೋಡಿದಾಗಲೆಲ್ಲ ಅವನ ಮುಖ ಸಪ್ಪಗಾಗುತ್ತಿತ್ತು.

ಎಂಬತ್ತೆರಡನೇ ಇಸವಿಯ ಆಷಾಢದಲ್ಲಿ ಅವನಿಗೆ ಗಂಗಮ್ಮನ ಕೆರೆ ಸಿಕ್ಕಿತು. ಭಾನುವಾರ ಸುಮ್ಮನೆ ಸೈಕಲ್ ತುಳಿಯುತ್ತ ಜ್ಞಾನಭಾರತಿಯ ನೀಲಗಿರಿ ತೋಪುಗಳನ್ನು ದಾಟಿ ಹೋದವನಿಗೆ ಮೊದಲು ಶಬ್ದ ಕೇಳಿಸಿತು. ಕೆರೆಯಲ್ಲಿ ಅಲೆ ಏಳುವುದುಂಟೇ ಎಂದು ಮೂಗು ಮುರಿಯುವವರು ಆಷಾಢದಲ್ಲಿ ಆ ಕೆರೆಯನ್ನು ನೋಡಿದವರಲ್ಲ. ಪಡುವಣದ ಏರಿಯ ಮೇಲಿಂದ ನುಗ್ಗಿದ ಗಾಳಿ ನೀರನ್ನು ಅಷ್ಟುದ್ದಕ್ಕೂ ತಳ್ಳಿಕೊಂಡು ಬರುತ್ತಿತ್ತು. ಕಾಲುವೆ ತಂದು ಸುರಿದ ಮರಳು ಹಾಸಿದ ಎದುರು ದಡಕ್ಕೆ ಬರುವ ಹೊತ್ತಿಗೆ ಮೊಣಕಾಲೆತ್ತರದ ಅಲೆಗಳು ಒಂದರ ಹಿಂದೆ ಒಂದು ಬಾಗಿ, ಬೆಳ್ಳಗೆ ಒಡೆಯುತ್ತಿದ್ದವು. ಸಿದ್ದಬಸಪ್ಪ ಸೈಕಲ್ ಒಗೆದು ಅಂಗಿ ಬಿಚ್ಚಿಯೇಬಿಟ್ಟ. ನೀರು ಮೂಳೆಯವರೆಗೆ ಕೊರೆಯುವಷ್ಟು ತಣ್ಣಗಿತ್ತು. ಅಲೆಯೊಂದು ಅವನನ್ನು ಹೊಟ್ಟೆಯ ಮೇಲೆ ಜಾರಿಸಿ ತಂದು ಮರಳಿಗೆ ಹಾಕಿದಾಗ, ನಲವತ್ತರ ಹತ್ತಿರದ ಗಂಡಸು ಒಬ್ಬನೇ ಕೂತು ಗಹಗಹಿಸಿ ನಕ್ಕ.

ಮುಂದಿನ ವಾರದೊಳಗೆ ಒಂದು ಹಲಗೆ ತಯಾರಾಯಿತು. ಹಗುರವಾದ ಬೂರುಗದ ಮರ, ಆಳೆತ್ತರ, ಮೂತಿಯನ್ನು ಸ್ವಲ್ಪ ಮೇಲಕ್ಕೆ ಬಾಗಿಸಿ ಕೆತ್ತಿದ್ದ. ಪ್ಯಾಟರ್ನಿನ ಮೂಲೆ ತುಂಬಲು ಬಳಸುವ ಜೇನುಮೇಣವನ್ನೇ ಕಾಲು ಜಾರದ ಹಾಗೆ ಅದರ ಮೇಲೆ ಉಜ್ಜಿದ. ಮೊದಲು ಹಲಗೆಯ ಮೇಲೆ ಮಲಗಿ ಬಂದ, ಆಮೇಲೆ ಮಂಡಿಯೂರಿ ಬಂದ. ಲೆಕ್ಕವಿಲ್ಲದಷ್ಟು ಸಲ ನೀರು ಕುಡಿದ ಮೇಲೆ ಒಂದು ದಿನ ಎದ್ದು ನಿಂತೇ ದಡಕ್ಕೆ ಬಂದ. ಇದಕ್ಕೊಂದು ಹೆಸರಿದೆ, ದೂರದ ಸಮುದ್ರಗಳಲ್ಲಿ ಇದನ್ನೇ ಕಸುಬಾಗಿಸಿಕೊಂಡವರಿದ್ದಾರೆ ಎಂಬುದೆಲ್ಲ ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಓವರ್‌ಟೈಮ್ ಎಂದು ಹೇಳಿ ಬರುತ್ತಿದ್ದ. ನಿಜ ಹೇಳಿದರೆ ನೀಲಮ್ಮ ಬಿಡುತ್ತಿರಲಿಲ್ಲ.

ಕೆರೆಯಂಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದ ಚಿಕ್ಕಲಕ್ಷ್ಮಮ್ಮ ಎಂಬ ವಯಸ್ಸಾದ ವಿಧವೆ ಈ ಆಟವನ್ನು ದಿನಗಟ್ಟಲೆ ನೋಡಿ, ಕೊನೆಗೊಮ್ಮೆ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದಳು.

"ಆಡ್ಕೊ, ಬಿದ್ಕೊ, ಅದು ನಿನ್ನಿಷ್ಟ ಕಣಪ್ಪ. ಆದ್ರೆ ಓಗುವಾಗ ಈ ಕೆರೇಗೆ ಬತ್ತೀನಿ ಅಂತ ಮಾತ್ರ ಅನ್ಬ್ಯಾಡ. ಸಾವಿನ ಮನೆಯಿಂದ ಎದ್ದೋಯ್ತೀವಲ್ಲ, ಅಂಗೆ ತಿರುಗಿ ನೋಡ್ದೆ ಓಗ್ಬುಡು."

"ಅಂದ್ರೆ ಏನಾಗ್ತದಮ್ಮ?"

"ಮಾತು ಕೊಟ್ಟಂಗಾಯ್ತದೆ. ಗಾಳಿ ಎದ್ದಾಗ ಬಾ ಅಂತ ಕರೀತದೆ. ಬರ್ನಿಲ್ಲ ಅಂದ್ರೆ ತಾನೇ ಕರ್ಕಂಡೋಯ್ತದೆ."

ನಮ್ಮ ಜನರ ಬಾಯಿಗೆ ಇದಕ್ಕಿಂತ ಕಷ್ಟದ ಪಥ್ಯ ಇನ್ನೊಂದಿಲ್ಲ. ಹೊರಡುವಾಗ ಹೋಗುತ್ತೇನೆ ಅನ್ನುವವರು ನಮ್ಮಲ್ಲಿ ಯಾರಿದ್ದಾರೆ? ಮತ್ತೆ ಆ ಹೊಸ್ತಿಲು ತುಳಿಯುವ ಆಸೆ ಒಂದಿಷ್ಟೂ ಇಲ್ಲದಿದ್ದರೂ ಬರ್ತೀನಿ ಎಂದೇ ಚಪ್ಪಲಿ ಮೆಟ್ಟುತ್ತೇವೆ. ಸಿದ್ದಬಸಪ್ಪ ಕೊರಳ ಲಿಂಗ ಮುಟ್ಟಿಕೊಂಡು ನಕ್ಕುಬಿಟ್ಟ. ಆದರೂ ಅಂದು ಬಟ್ಟೆ ಹಾಕಿಕೊಳ್ಳುವಾಗ ಒಂದು ಸಂಗತಿ ಗಮನಿಸಿದ. ಅಷ್ಟು ಹೊತ್ತು ಕಿವಿ ಕಿತ್ತು ಹೋಗುವಂತೆ ಬೀಸುತ್ತಿದ್ದ ಗಾಳಿ ಅವನು ಸೈಕಲ್ಲಿನ ಹತ್ತಿರ ಬಂದಾಗ ನಿಂತುಹೋಯಿತು. ಕಪ್ಪೆಗಳೂ ಸುಮ್ಮನಾದವು. ಏನು ಹೇಳುತ್ತಾನೋ ಎಂದು ಯಾರೋ ಕಿವಿಗೊಟ್ಟು ಕಾಯುತ್ತಿರುವಂತೆ ಅನ್ನಿಸಿತು. ಅವನು ತುಟಿ ಬಿಗಿಹಿಡಿದು ಸೈಕಲ್ ಹತ್ತಿದ. ತೋಪಿನ ತಿರುವು ದಾಟಿದ ಮೇಲೆ ಹಿಂದೆ ಮತ್ತೆ ಗಾಳಿಯ ಸದ್ದು ಶುರುವಾಯಿತು.

ಇನ್ನೂ ಕೆಲವು ವಿಚಿತ್ರಗಳಿದ್ದವು. ಅಲೆ ಹಿಡಿದು ಬರುವಾಗ ಕೆಲವೊಮ್ಮೆ ಹಲಗೆಯ ಹಿಂತುದಿ ಭಾರವಾಗಿ, ಯಾರೋ ಬೆನ್ನ ಹಿಂದೆ ಕೂತ ಹಾಗೆ ತಗ್ಗುತ್ತಿತ್ತು. ತಿರುಗಿ ನೋಡಿದರೆ ನೊರೆ ಮಾತ್ರ. ಅವನಿಗೆ ಹೆದರಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚು ಸುಖವಾಗುತ್ತಿತ್ತು. ಹೀಗಾಗಿ ಎರಡು ಆಷಾಢ ತುಟಿ ಬಿಚ್ಚದೆ ಬಂದು ಹೋದ.

ಮೂರನೆಯ ಆಷಾಢದಲ್ಲಿ ಗುಟ್ಟು ರಟ್ಟಾಯಿತು. ಪಕ್ಕದ ಮನೆಯ ಶಿವಕ್ಕ, ನಿಮ್ಮ ಯಜಮಾನರು ಯಾವುದೋ ಕೆರೆಯಲ್ಲಿ ಮುಳುಗಿ ಏಳುತ್ತಾರಂತಲ್ಲ ಎಂದು ನೀಲಮ್ಮನ ಕಿವಿಗೆ ಹಾಕಿದಳು. ನೀಲಮ್ಮ ಸುಮ್ಮನಿರುವ ಪೈಕಿಯಲ್ಲ. ಭಾನುವಾರ ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತೇಬಿಟ್ಟಳು. "ಅಲ್ಲಿ ಯಾವ ಅಪ್ಸರೆ ಅದಾಳೋ ನಾನೂ ನೋಡ್ತೀನಿ, ನಡೀರಿ" ಅಂದಳು.

ಅಪ್ಸರೆಯ ಬದಲು ಅವಳು ಕಂಡದ್ದು ಚಡ್ಡಿ ಹಾಕಿಕೊಂಡು ನೀರಿನ ಮೇಲೆ ನಿಂತು ಬರುವ ಗಂಡನನ್ನು. ನೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮಧ್ಯಾಹ್ನದವರೆಗೆ ಇಬ್ಬರೂ ಮರಳಲ್ಲಿ ಕೂತು ರೊಟ್ಟಿ ತಿಂದರು. ಅಷ್ಟು ಸಂತೋಷದ ದಿನವನ್ನು ಸಿದ್ದಬಸಪ್ಪ ಬೆಂಗಳೂರಿಗೆ ಬಂದ ಮೇಲೆ ಕಂಡಿರಲಿಲ್ಲ. ಆ ಸಂತೋಷದಲ್ಲೇ ಮೈಮರೆತ. ಹೆಂಡತಿಗೆ ಹೇಳಬೇಕಾದ ಒಂದೇ ಒಂದು ಮಾತನ್ನು ಹೇಳದೆ ಹಲಗೆಯನ್ನು ಸೈಕಲ್ಲಿಗೆ ಕಟ್ಟುತ್ತ ಕೂತ.

ಹೊಳೆಯ ಊರಿನ ಹೆಣ್ಣುಮಗಳು ನೀರಿಗೆ ಬೆನ್ನು ಹಾಕಿ ಸುಮ್ಮನೆ ಎದ್ದು ಹೋಗುವುದುಂಟೇ? ಹರಿಹರದಲ್ಲಿ ತವರಿಗೆ ಬಂದ ಪ್ರತಿಯೊಬ್ಬ ಹೆಣ್ಣೂ ಹೊಳೆಗೆ ಹೇಳಿಯೇ ಹೊರಡುತ್ತಾಳೆ. ನೀಲಮ್ಮ ನೀರಿನಂಚಿಗೆ ಹೋಗಿ ಬೊಗಸೆ ನೀರು ಕಣ್ಣಿಗೊತ್ತಿಕೊಂಡು, ಕೈ ಮುಗಿದು, ಗಟ್ಟಿಯಾಗಿಯೇ ಹೇಳಿದಳು.

"ನಾನು ನೀಲಮ್ಮ, ನೆನಪಿಟ್ಕೋ ತಾಯಿ. ಹೋಗಿ ಬರ್ತೀನಿ."

ಗಾಳಿ ನಿಂತಿತು. ಹಗ್ಗದ ಗಂಟು ಹಾಕುತ್ತಿದ್ದ ಸಿದ್ದಬಸಪ್ಪನ ಕೈ ಅಲ್ಲೇ ಉಳಿಯಿತು. ದೂರದ ಸೊಪ್ಪಿನ ಮಡಿಯಲ್ಲಿ ಚಿಕ್ಕಲಕ್ಷ್ಮಮ್ಮ ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದಳು. ಇಡೀ ಕೆರೆ ಎಣ್ಣೆಯ ಹಾಗೆ ನುಣ್ಣಗೆ ಬಿದ್ದುಕೊಂಡಿತ್ತು. ನೀಲಮ್ಮ ಮಾತ್ರ ಏನೂ ಅರಿಯದೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಕ್ಯಾರಿಯರ್ ಹತ್ತಿದಳು.

ಆ ವರ್ಷ ಮತ್ತೆ ಏನೂ ಆಗಲಿಲ್ಲ. ಸಿದ್ದಬಸಪ್ಪ ಕೆರೆಯ ಕಡೆ ತಲೆ ಹಾಕಲಿಲ್ಲ, ಮುದುಕಿಯ ಮಾತು ಸುಳ್ಳಾಗಲಿ ಎಂದು ದಿನವೂ ಲಿಂಗದ ಮುಂದೆ ಬೇಡಿಕೊಂಡ. ಮುಂದಿನ ಆಷಾಢದ ಮೊದಲ ಗಾಳಿ ಬೀದಿಯ ಧೂಳೆಬ್ಬಿಸಿದ ದಿನ ನೀಲಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ರೀ, ಯಾರೋ ನನ್ನ ಕರೆದಂಗಾತಲ್ಲ?"

"ಯಾರೂ ಇಲ್ಲ ಬಿಡು" ಎಂದ. ಅವಳ ಸೆರಗಿನ ತುದಿ ತೊಯ್ದಿತ್ತು. ರೊಟ್ಟಿಯ ಹಿಟ್ಟಿಗೆ ಬಿಟ್ಟರೆ ಅವಳು ಬೆಳಗಿನಿಂದ ನೀರು ಮುಟ್ಟಿರಲಿಲ್ಲ.

ಆಮೇಲೆ ದಿನವೂ ಅದೇ ಆಯಿತು. ಮಾತಿನ ನಡುವೆ ಪಡುವಣಕ್ಕೆ ಕತ್ತು ತಿರುಗಿಸಿ "ಹಾಂ?" ಅನ್ನುವಳು. ಊಟ ಸೇರುತ್ತಿರಲಿಲ್ಲ. ಒಂದು ಸಂಜೆ ವರ್ಕ್‌ಶಾಪಿನಿಂದ ಬರುತ್ತಿದ್ದ ಸಿದ್ದಬಸಪ್ಪನಿಗೆ ಕೆರೆಯ ಕಡೆ ಹೋಗುವ, ಬಿಕೋ ಎನ್ನುವ ಉಲ್ಲಾಳದ ರಸ್ತೆಯ ಮೊದಲಲ್ಲಿ ಅವಳು ಸಿಕ್ಕಳು. ಸೊಂಟದಲ್ಲಿ ಖಾಲಿ ಕೊಡ. ಎಲ್ಲಿಗೆ ಎಂದರೆ ನೀರಿಗೆ ಎಂದಳು. ಮನೆಯಲ್ಲಿ ನಲ್ಲಿ ಇದೆಯಲ್ಲೇ ಎಂದು ಮೈಹಿಡಿದು ಅಲ್ಲಾಡಿಸಿದಾಗ, ನಿದ್ದೆಯಿಂದ ಎದ್ದವಳಂತೆ ಕಣ್ಣು ಬಿಟ್ಟು ಅತ್ತುಬಿಟ್ಟಳು. ಸಿದ್ದಬಸಪ್ಪನ ಎದೆ ಒಡೆಯಿತು. ಅವಳನ್ನು ಶಿವಕ್ಕನ ಮನೆಯಲ್ಲಿ ಕೂರಿಸಿ, ನೇರ ಚಿಕ್ಕಲಕ್ಷ್ಮಮ್ಮನ ಗುಡಿಸಲಿಗೆ ಹೋಗಿ ಅವಳ ಕಾಲು ಹಿಡಿದ.

"ಕಾಲ್ ಬುಡು. ಆಡಿದ ಮಾತು ವಾಪಸ್ ಬರಾಕಿಲ್ಲ" ಎಂದಳು ಚಿಕ್ಕಲಕ್ಷ್ಮಮ್ಮ. "ಆದ್ರೆ ಅವಳ ಬದಲು ನೀನು ಓಗ್ಬೋದು. ಕೆರೇಗೆ ಕಣ್ಣಿಲ್ಲ, ಕಿವಿ ಐತೆ. ನನ್ ಗಂಡ ಬೈರಯ್ಯನೂ ಇಂಗೇ ಬಾಯ್ತಪ್ಪಿ ಅಂದ್ಬುಟ್ಟಿದ್ದ. ನಮ್ಮತ್ತೆ ವರ್ಸಾವರ್ಸಾ ಆಷಾಢದಾಗೆ ಇಳಿದು, ಬೈರಯ್ಯ ಬಂದಿವ್ನಿ ಅಂತ ಕೂಗೋಳು. ಬಾಳೆದಿಂಡು ತಬ್ಕಂಡು ಮಧ್ಯಕ್ಕೋಗೋಳು. ಅಲ್ಲಿಂದ ಈಜಿ ಬರಂಗಿಲ್ಲ, ನಡೆದು ಬರಂಗಿಲ್ಲ. ಅಲೆನೇ ತಂದು ದಡಕ್ಕೆ ಬುಡ್ಬೇಕು. ತಂದ್ಬುಟ್ರೆ ಆ ವರ್ಸ ಬುಟ್ಟಂಗೆ."

"ಆಮೇಲೆ?"

"ಒಂದು ವರ್ಸ ಅತ್ತೆಗೆ ಜ್ವರ. ಓಗ್ನಿಲ್ಲ. ನನ್ ಗಂಡ ಕೆಂಗೇರಿಗೆ ಮದುವೆಗೆ ಅಂತ ಹೊಸ ಪಂಚೆ ಉಟ್ಕಂಡು ಹೊರಟೋನು ಬಸ್ಸಿಗೋಗದೆ ಈ ಕಡೆ ನಡ್ಕಂಡ್ ಬಂದ. ನಾನು ಇಲ್ಲೇ ಸೊಪ್ಪು ಕೀಳ್ತಿದ್ದೆ. ಕೂಗ್ದೆ. ತಿರುಗಿ ನೋಡಿ ನಕ್ಕ ಕಣಪ್ಪ. ಪಂಚೆ ಎತ್ತಿ ಕಟ್ನೂ ಇಲ್ಲ, ಅಂಗೇ ಇಳಿದ್ಬುಟ್ಟ."

ಸಿದ್ದಬಸಪ್ಪ ಕೇಳಿದ. "ಎಷ್ಟು ವರ್ಷ ಹೋಗ್ಬೇಕು?"

"ಬತ್ತೀನಿ ಅನ್ನೋವಾಗ ಎಷ್ಟು ಸಲ ಅಂತ ಯಾರಾದ್ರೂ ಹೇಳ್ತಾರಾ?"

ಮರುದಿನ ಬೆಳಿಗ್ಗೆ ಅವನು ಹಲಗೆ ಹಿಡಿದು ನೀರಿಗಿಳಿದ. ಎದೆಯುದ್ದದ ನೀರಿಗೆ ಬಂದು ನಿಂತ. ಗಂಡಸಿನ ಗಡಸು ದನಿಯಲ್ಲಿ ಹೆಂಡತಿಯ ಹೆಸರು ಹೇಳಿಕೊಳ್ಳಲು ನಾಚಿಕೆಯಾಯಿತು, ಆ ಹೊತ್ತಿನಲ್ಲೂ ನಾಚಿಕೆ ಬಿಟ್ಟಿರಲಿಲ್ಲ. "ನೀಲಮ್ಮ ಬಂದೀನಿ" ಎಂದು ಕೂಗಿ, ಹಲಗೆಯ ಮೇಲೆ ಮಲಗಿ ಕೈಹುಟ್ಟು ಹಾಕುತ್ತ ಕೆರೆಯ ನಡುವಿಗೆ ಹೋದ. ಗಾಳಿ ಸತ್ತಿತ್ತು. ತೋಪಿನಲ್ಲಿ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಹಾಗಿದ್ದೂ ಅವನ ಬೆನ್ನ ಹಿಂದೆ ನೀರು ತಾನಾಗಿ ಉಬ್ಬಿತು. ಒಂದೇ ಅಲೆ, ಸದ್ದಿಲ್ಲದ ಅಲೆ. ಅವನು ಎದ್ದು ನಿಲ್ಲಲು ಹೆದರಿ ಹಲಗೆಯನ್ನು ಅವುಚಿ ಮಲಗಿದ. ಹಲಗೆಯ ಅಡಿಗೆ ಅಂಗೈಗಳು ತಾಕುತ್ತಿದ್ದವು, ಒಂದಲ್ಲ, ಎಷ್ಟೋ. ತೊಟ್ಟಿಲ ಶಾಸ್ತ್ರದಲ್ಲಿ ಹೆಂಗಸರು ಮಗುವನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ ಅವು ಅವನನ್ನು ದಾಟಿಸಿದವು. ಕಿವಿಯ ಹತ್ತಿರ ಒಂದು ದನಿ, ಗಂಡೋ ಹೆಣ್ಣೋ ತಿಳಿಯದ ದನಿ, ಅಕ್ಕರೆಯಿಂದ "ನೀಲವ್ವ" ಎಂದಿತು. ಮರಳು ತಾಗಿದ ಕೂಡಲೇ ಅವನು ಹಲಗೆ ಎತ್ತಿಕೊಂಡು ಹಿಂದೆ ನೋಡದೆ ಓಡಿದ.

ಮನೆಗೆ ಬಂದರೆ ನೀಲಮ್ಮ ಗುಂಡುಕಲ್ಲಿನ ಹಾಗೆ ಕೂತು ಎರಡನೆಯ ರೊಟ್ಟಿ ತಿನ್ನುತ್ತಿದ್ದಳು. "ಎಲ್ಲಿ ಹಾಳಾಗಿ ಹೋಗಿದ್ರಿ ಬೆಳಬೆಳಿಗ್ಗೆ?" ಎಂದು ಬೈದಳು. ಆ ಬೈಗುಳ ಕೇಳಿ ಸಿದ್ದಬಸಪ್ಪ ಬಚ್ಚಲಿಗೆ ಹೋಗಿ ಅತ್ತ.

ಅಲ್ಲಿಂದ ಮುಂದೆ ಪ್ರತಿ ಆಷಾಢದಲ್ಲೂ ಹೆಂಡತಿ ಕತ್ತು ತಿರುಗಿಸಿ "ಹಾಂ?" ಎಂದ ಮರುದಿನ ಅವನು ಹಲಗೆ ಎತ್ತಿಕೊಂಡು ಹೋಗುತ್ತಿದ್ದ. ಆಟದ ಸುಖ ಎಂದೋ ಹೋಗಿತ್ತು. ಅವಳಿಗೆ ಹೇಳಲಿಲ್ಲ. ತನ್ನ ಬಾಯಿಂದ ಬಂದ ಒಂದು ನಮಸ್ಕಾರದ ಮಾತು ತನ್ನ ಸಾವಿಗೆ ಕರೆಯೋಲೆ ಎಂದು ತಿಳಿದರೆ ಅವಳು ಹೇಗೆ ನಿದ್ದೆ ಮಾಡಿಯಾಳು? ಲೇಔಟಿನವರು ವಯಸ್ಸಾದರೂ ನೀರಾಟ ಬಿಡದ ಮನುಷ್ಯ ಎಂದು ನಗುತ್ತಿದ್ದರು. ನೀಲಮ್ಮ ಹಲಗೆಗೆ ಸವತಿ ಎಂದೇ ಹೆಸರಿಟ್ಟಿದ್ದಳು. "ನನಗಿಂತ ಆ ಕೆರೆನೇ ಹೆಚ್ಚು ಇವರಿಗೆ" ಎಂದು ಶಿವಕ್ಕನ ಹತ್ತಿರ ಹೇಳಿಕೊಳ್ಳುವಾಗ ಅವಳ ದನಿಯಲ್ಲಿ ನಿಜವಾದ ನೋವಿರುತ್ತಿತ್ತು. ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ ಸಿದ್ದಬಸಪ್ಪ ಬಾಯಿ ಬಿಡುತ್ತಿರಲಿಲ್ಲ.

ಎಂಬತ್ತೆಂಟರ ಹೊತ್ತಿಗೆ ಮರದ ಧೂಳು ಅವನ ಪುಪ್ಪುಸ ತಿಂದಿತ್ತು. ಕೆಮ್ಮು ಶುರುವಾದರೆ ನಿಲ್ಲುತ್ತಿರಲಿಲ್ಲ. ತಣ್ಣೀರು ಮುಟ್ಟಿದರೆ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರು ನೀಲಮ್ಮನಿಗೇ ನೇರವಾಗಿ ಹೇಳಿದರು. ಆಷಾಢ ಹತ್ತಿರವಾಗುತ್ತಿತ್ತು. ಈ ಗಂಡಸು ಹೇಳಿದರೆ ಕೇಳುವವನಲ್ಲ ಎಂದು ಅವಳಿಗೆ ಗೊತ್ತು. ಅದಕ್ಕೆ ಅವಳು ತನಗೆ ತೋಚಿದ ಉಪಾಯ ಮಾಡಿದಳು.

ಅಂದು ಸಂಜೆ ಅವನು ಕೆಲಸದಿಂದ ಬಂದಾಗ ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. "ಬರ್ರಿ, ಬಿಸಿಬಿಸಿ ಹಾಕ್ಕೊಳ್ರಿ ಎರಡು ತಂಬಿಗೆ" ಎಂದಳು ನಗುತ್ತ. ಒಲೆಯ ಹೊಗೆ ಮುಖಕ್ಕೆ ಬಡಿದಾಗ ಅದರಲ್ಲಿ ಜೇನುಮೇಣದ ವಾಸನೆ ಇತ್ತು. ಸಿದ್ದಬಸಪ್ಪ ಬಗ್ಗಿ ನೋಡಿದ. ಒಲೆಯ ಬಾಯಲ್ಲಿ ಬೂರುಗದ ಹಲಗೆಯ ಬಾಗಿದ ಮೂತಿ ಮಾತ್ರ ಉಳಿದಿತ್ತು.

"ನನ್ನ ಸವತಿನ್ನ ಕಳಿಸಿಬಿಟ್ಟೆ ನೋಡ್ರಿ. ಬೈರಿ ಬೇಕಾದ್ರೆ" ಎಂದು ಅವಳು ಹೆದರುತ್ತಲೇ ಹೇಳಿದಳು. ಅವನು ಬೈಯಲಿಲ್ಲ. ಅವಳು ತಂಬಿಗೆಯಲ್ಲಿ ನೀರು ಹೊಯ್ಯುತ್ತಿದ್ದರೆ ತಲೆ ತಗ್ಗಿಸಿ ಕೂತಿದ್ದ. ಬೆನ್ನು ಉಜ್ಜುತ್ತಿದ್ದ ಅವಳ ಕೈ ತಟಕ್ಕನೆ ನಿಂತು, ಕತ್ತು ಪಡುವಣಕ್ಕೆ ತಿರುಗಿತು.

"ಹಾಂ?" ಎಂದಳು.

ಮರುದಿನ ಬೆಳಿಗ್ಗೆ ಅವನು ಬರಿಗೈಯಲ್ಲಿ ಹೊರಟ. ಹಲಗೆಯನ್ನೇ ಸುಟ್ಟರೂ ಕೆರೆಯ ದಾರಿ ಹಿಡಿದವನನ್ನು ಕಂಡು ನೀಲಮ್ಮನಿಗೆ ಮೊದಲ ಸಲ ಇದು ಆಟವಲ್ಲ ಎನ್ನಿಸಿತು. ಆಟೋ ಹಿಡಿದು ಹಿಂದೆಯೇ ಹೋದಳು. ಅವಳು ಮರಳಿನ ದಡ ತಲುಪಿದಾಗ ಗಂಡ ಎದೆಯುದ್ದದ ನೀರಿನಲ್ಲಿ ನಿಂತಿದ್ದ. ಚಿಕ್ಕಲಕ್ಷ್ಮಮ್ಮ ಓಡಿ ಬಂದು ಅವಳ ರಟ್ಟೆ ಹಿಡಿದುಕೊಂಡಳು.

"ನೀಲಮ್ಮ ಬಂದೀನಿ!" ಎಂದು ಕೂಗಿದ ಸಿದ್ದಬಸಪ್ಪ.

ದಡದಲ್ಲಿದ್ದ ನೀಲಮ್ಮನಿಗೆ ಮೈಯೆಲ್ಲ ಮುಳ್ಳೆದ್ದಿತು. ಅವನು ಈಜುತ್ತ ನಡುವಿಗೆ ಹೋದ. ಗಾಳಿಯಿಲ್ಲದ ನೀರಿನಲ್ಲಿ ಅಲೆ ಎದ್ದದ್ದನ್ನು ಅವಳು ಕಣ್ಣಾರೆ ಕಂಡಳು. ಹಲಗೆಯಿಲ್ಲದ ಮೈ ಅಲೆಗೆ ಸಿಗಲಿಲ್ಲ, ಅದು ಅವನ ಮೇಲೆ ಹಾದು ದಡಕ್ಕೆ ಬಂದು ಖಾಲಿಯಾಗಿ ಒಡೆಯಿತು. ಎರಡನೆಯದು ಬಂದಾಗ ಅವನಿಗೆ ಕೆಮ್ಮು ಒತ್ತರಿಸಿತು. ತಲೆ ಮುಳುಗಿತು. ಮೇಲೆದ್ದಾಗ ಇನ್ನೂ ದೂರ ಹೋಗಿದ್ದ.

ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ನೀಲಮ್ಮ ಮತ್ತೆಂದೂ ಗಂಡನ ಹೆಸರು ಬಾಯಿಗೆ ತಂದವಳಲ್ಲ. ಈಗ ಚಿಕ್ಕಲಕ್ಷ್ಮಮ್ಮನ ಕೈ ಕೊಡವಿ, ಹೊಟ್ಟೆಯಾಳದಿಂದ ಕಿರುಚಿದಳು.

"ಸಿದ್ದಬಸಪ್ಪಾ!"

ಕೆರೆ ಸ್ತಬ್ಧವಾಯಿತು. ಒಂದು ಸುಕ್ಕೂ ಇಲ್ಲ. ಆ ಮೌನದಲ್ಲಿ ಏನೋ ಒಂದು ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಯೋಚಿಸುತ್ತಿರುವಂತಿತ್ತು. ಸಿದ್ದಬಸಪ್ಪ ಕೈಕಾಲು ಬಡಿಯುತ್ತ ಈಜಿಕೊಂಡೇ ದಡಕ್ಕೆ ಬಂದ. ಯಾರೂ ತಡೆಯಲಿಲ್ಲ.

"ಈಜಿ ಬಂದ್ಬುಟ್ಟ" ಎಂದು ಚಿಕ್ಕಲಕ್ಷ್ಮಮ್ಮ ಮುಖ ಮುಚ್ಚಿಕೊಂಡಳು. "ಈಗ ಇವ್ನು ನೀಲಮ್ಮ ಅಲ್ಲ ಅಂತ ಅದಕ್ಕೆ ಗೊತ್ತಾಗೋಯ್ತು. ಇನ್ನು ಬದಲಿ ನಡೆಯಾಕಿಲ್ಲ."

ಮನೆಗೆ ಬಂದ ಮೇಲೆ ಸಿದ್ದಬಸಪ್ಪ ಎಲ್ಲವನ್ನೂ ಹೇಳಿದ. ನೀಲಮ್ಮ ಕೆಂಡಾಮಂಡಲವಾದಳು.

"ನಾನು ಕೊಟ್ಟ ಮಾತಿಗೆ ನೀವು ಯಾಕ್ರಿ ಸಾಯಬೇಕು? ಇಷ್ಟು ವರ್ಷ ನಿಮ್ಮನ್ನ ಬೈಕೊಂಡು ಬಂದೆನಲ್ಲ, ಒಂದು ಮಾತು ಹೇಳಬಾರದಿತ್ತಾ?" ಎಂದು ಅವನ ಎದೆಗೆ ಗುದ್ದಿದಳು, ಗುದ್ದಿದ ಜಾಗದಲ್ಲೇ ತಲೆಯಿಟ್ಟು ಅತ್ತಳು. ಅಳು ಮುಗಿದ ಮೇಲೆ ಮೂಗು ಒರೆಸಿಕೊಂಡು ಹೇಳಿದಳು. "ಇನ್ನೊಂದು ಹಲಗೆ ಮಾಡ್ರಿ. ನನ್ನ ಅಳತಿಗೆ."

ಅವನು ಬೇಡ ಎಂದ, ಊರಿಗೆ ಹೋಗಿಬಿಡೋಣ ಎಂದ. ಅವಳು ಜಗ್ಗಲಿಲ್ಲ. ಚಿಕ್ಕವಳಿದ್ದಾಗ ಹೊಳೆಯಲ್ಲಿ ಈಜಿದವಳು ತಾನು, ಕರೆದ ಕಡೆಗೆ ಹೋಗುವುದಕ್ಕೆ ತನಗೆ ಕಾಲಿದೆ ಎಂದಳು. ಅವನು ಹಿತ್ತಿಲಲ್ಲಿ ಹಗಲೂ ರಾತ್ರಿಯೂ ಕೆಮ್ಮುತ್ತ ಹಲಗೆ ಕೆತ್ತಿದ. ಎರಕದ ಲೋಹ ಆರಿದಾಗ ಕುಗ್ಗುತ್ತದೆ ಎಂದು ಪ್ಯಾಟರ್ನನ್ನು ಚೂರು ದೊಡ್ಡದಾಗಿಯೇ ಮಾಡುವುದು ವಾಡಿಕೆ, ಅದೇ ಅಭ್ಯಾಸದಲ್ಲಿ ಹೆಂಡತಿಯ ಹಲಗೆಯನ್ನೂ ಸ್ವಲ್ಪ ದೊಡ್ಡದು ಮಾಡಿದ. ಅವಳು ಅದನ್ನು ಬೆಂಚಿನ ಮೇಲಿಟ್ಟು, ಬೋರಲು ಮಲಗಿ, ಕೈಹುಟ್ಟು ಹಾಕುವುದನ್ನು ಕಲಿತಳು. ಶಿವಕ್ಕ ಕಾಂಪೌಂಡಿನ ಮೇಲಿಂದ ನೋಡಿ, ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡಳು. ಈ ನಡುವೆ ಕರೆ ನಿಲ್ಲಲಿಲ್ಲ. ಈಗ ಸಿದ್ದಬಸಪ್ಪನಿಗೂ ಅದು ಕೇಳಿಸುತ್ತಿತ್ತು.

ಆಷಾಢ ಮುಗಿಯುವ ಮೊದಲಿನ ಒಂದು ಬೆಳಿಗ್ಗೆ ನೀಲಮ್ಮ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ನೀರಿಗಿಳಿದಳು. ಮೊಣಕಾಲುದ್ದದ ನೀರಿನವರೆಗೆ ಅವನು ಹಲಗೆ ಹಿಡಿದಿದ್ದ. ಅಲ್ಲಿಂದ ಮುಂದೆ ಬರಬೇಡಿ ಎಂದು ಅವಳೇ ಕೈ ಬಿಡಿಸಿದಳು.

"ನಾನು ನೀಲಮ್ಮ. ನಾನೇ ಬಂದೀನಿ" ಎಂದಳು, ನೆಂಟರ ಮನೆಯ ಬಾಗಿಲಲ್ಲಿ ನಿಂತು ಹೇಳುವಷ್ಟೇ ಸಹಜವಾಗಿ.

ಅವಳು ಚಿಕ್ಕದಾಗಿ ಕಾಣುತ್ತ ನಡುವಿಗೆ ಹೋದಳು. ಅಲ್ಲಿ ಬಹಳ ಹೊತ್ತು ಏನೂ ಆಗಲಿಲ್ಲ. ಸಿದ್ದಬಸಪ್ಪ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಕೆಮ್ಮು ಬಂದರೂ ನುಂಗಿಕೊಂಡ, ತನ್ನ ದನಿ ಅಲ್ಲಿಗೆ ಕೇಳಿಸಬಾರದೆಂದು. ಆಮೇಲೆ ನೀರು ಉಬ್ಬಿತು. ಅವನು ಅಷ್ಟು ವರ್ಷಗಳಲ್ಲಿ ಕಂಡಿರದಷ್ಟು ಎತ್ತರದ ಅಲೆ ಅವಳನ್ನು ಎತ್ತಿಕೊಂಡಿತು. ಬೆಳಗಿನ ಬಿಸಿಲಿನಲ್ಲಿ ಅದರ ಒಳಗೆ ಮುಖಗಳಿದ್ದ ಹಾಗೆ ಕಂಡಿತು, ಅವುಗಳಲ್ಲಿ ಒಂದನ್ನು ನೋಡಿ ದಡದಲ್ಲಿದ್ದ ಚಿಕ್ಕಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಲೆ ಒಡೆಯಿತು. ನೊರೆ ಹರಿದು ಹೋದಾಗ ಮರಳಿನ ಮೇಲೆ ಹಲಗೆ ಇತ್ತು, ಹಲಗೆಯ ಮೇಲೆ ನೀಲಮ್ಮ ಇದ್ದಳು.

ಅವನು ಓಡಿ ಹೋಗಿ ಎತ್ತಿ ನಿಲ್ಲಿಸಿದ. ಅವಳ ಹಲ್ಲು ಕಟಕಟ ಅನ್ನುತ್ತಿದ್ದವು, ಕಣ್ಣು ಮಾತ್ರ ಹೊಳೆಯುತ್ತಿದ್ದವು. ಇಬ್ಬರೂ ಕೆರೆಗೆ ಬೆನ್ನು ಹಾಕಿ, ಒಂದೂ ಮಾತಾಡದೆ, ತೋಪಿನ ತಿರುವಿನವರೆಗೆ ನಡೆದರು. ಅಲ್ಲಿ ನೀಲಮ್ಮ ನಿಂತು ಗಂಡನ ಮುಖ ನೋಡಿದಳು.

"ಇಷ್ಟು ವರ್ಷ ಇದನ್ನ ಒಬ್ಬರೇ ಅನುಭವಿಸ್ತಿದ್ರಾ?"

ಅವಳು ಅಂದದ್ದು ಕಷ್ಟವನ್ನೋ ಸುಖವನ್ನೋ ಅವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ತನ್ನ ಅಂಗಿ ಬಿಚ್ಚಿ ಅವಳಿಗೆ ಹೊದಿಸಿದ.